ಎರಡೂ ಎಡದ ತೋಳು

ಕತ್ತರಿಯ ಸದ್ದು ನಡುವೆ ನಿಂತುಹೋಯಿತು.

ಕರಕ್ ಕರಕ್ ಎಂದು ಒಂದೇ ಉಸಿರಿನಲ್ಲಿ ಸಾಗಬೇಕಾದ ಸದ್ದು ಅದು. ಹತ್ತಿ ಬಟ್ಟೆಯಾದರೆ ಹಗುರಾಗಿ, ಉಣ್ಣೆಯಾದರೆ ಸ್ವಲ್ಪ ಗೊಗ್ಗರಾಗಿ. ಆದರೆ ತೋಳಿನ ತಲೆಯ ತಿರುವಿನಲ್ಲಿ ಮಾತ್ರ ನಿಲ್ಲಬಾರದು. ಅಲ್ಲಿ ನಿಂತರೆ ಬಟ್ಟೆಯ ಅಂಚಿಗೆ ಹಲ್ಲು ಮೂಡುತ್ತದೆ. ಪ್ಲೈವುಡ್ ಗೋಡೆಯ ಈಚೆ ಹೊಲಿಗೆ ಮಿಶನ್ನಿನ ಮೇಲೆ ಬಗ್ಗಿ ಕೂತಿದ್ದವಳು ಪೆಡಲಿನ ಮೇಲಿನ ಕಾಲನ್ನು ಹಾಗೇ ತಡೆದು ಕಿವಿಗೊಟ್ಟಳು. ಗೋಡೆಯಾಚೆ ಮಾಸ್ಟರ್ ಗಂಟಲು ಸರಿಮಾಡಿಕೊಂಡರು. ಬಟ್ಟೆ ಸರಿದಾಡಿತು. ಮತ್ತೆ ಕತ್ತರಿ ನಡೆಯಿತು, ಮತ್ತೆ ನಿಂತಿತು.

ಇವತ್ತೂ ಹೋಯಿತು ಎಂದುಕೊಂಡು ಅವಳು ಪೆಡಲು ತುಳಿದಳು.

ಅಂಗಡಿ ಎಂದರೆ ಒಂದೇ ಕೋಣೆ, ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದು. ಮುಂದಿನ ಪಾಲಿಗೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಗಿರಾಕಿಗಳ ಬೆಂಚು, ಬೀದಿಯ ಬೆಳಕು. ಹಿಂದಿನ ಪಾಲಿಗೆ ಮಿಶನ್, ಇಸ್ತ್ರಿಯ ಹಲಗೆ, ಚಿಂದಿ ತುಂಬಿದ ಮೂಟೆ, ಹಗಲಿಡೀ ಉರಿಯುವ ಬಲ್ಬು. ಪ್ಲೈವುಡ್ಡಿಗೆ ಒಂದು ಚೌಕದ ಕಿಂಡಿ. ಕತ್ತರಿಸಿದ ಬಟ್ಟೆ ಗಂಟಾಗಿ ಆ ಕಿಂಡಿಯಿಂದ ಒಳಗೆ ಬರುತ್ತದೆ, ಹೊಲಿದ ಬಟ್ಟೆ ಅದೇ ಕಿಂಡಿಯಿಂದ ಹೊರಗೆ ಹೋಗುತ್ತದೆ. ಈ ಕಸುಬಿನಲ್ಲಿ ಕತ್ತರಿ ಹಿಡಿದವನೇ ಮಾಸ್ಟರ್. ಹೊಲಿಯುವವರು ಬರೀ ಕೈ. ಬೀದಿಯವರೆಲ್ಲ ಅವಳ ಗಂಡನನ್ನು ಮಾಸ್ಟರ್ ಎನ್ನುತ್ತಿದ್ದರು. ಅವಳೂ ಹಾಗೇ ಕರೆದು ಅಭ್ಯಾಸ, ಮಾತು ತೀರಾ ಒಳಗಿನಿಂದ ಬಂದಾಗ ಮಾತ್ರ 'ರೀ'. ಅವಳನ್ನು ಬೀದಿ 'ಮಾಸ್ಟರ್ ಮನೆಯವರು' ಎಂದು ಗುರುತು ಹಿಡಿಯುತ್ತಿತ್ತು. ಅದರಲ್ಲಿ ಅವಮಾನವೇನೂ ಇದೆ ಎಂದು ಅವಳಿಗೆ ಬಹಳ ಕಾಲ ಅನ್ನಿಸಿರಲೇ ಇಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಗುಂಡಿ ಹೊಲಿಯುವುದಷ್ಟೇ ಅವಳ ಪಾಲಿಗಿತ್ತು. ಆಮೇಲೆ ಪ್ಯಾಂಟಿನ ಕಾಲು ಮಡಿಸುವುದು, ಆಮೇಲೆ ಅಂಗಿ, ಆಮೇಲೆ ಕೋಟು. ಕೋಟಿನ ಕಾಲರ್ ಸುಕ್ಕಿಲ್ಲದೆ ಕೂರಿಸುವಷ್ಟು ಕೈ ಪಳಗುವ ಹೊತ್ತಿಗೆ ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದಿದ್ದವು. ಮಗಳು ಹುಟ್ಟಿ ಆ ಮಿಶನ್ನಿನ ಪಕ್ಕದಲ್ಲೇ, ಪೆಡಲಿನ ತಾಳಕ್ಕೆ ನಿದ್ದೆಹೋಗುತ್ತ ಬೆಳೆದಳು. ಈಗ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಗಳು ಹೊಟ್ಟೆಯಲ್ಲಿದ್ದಾಗ ಇವಳ ಕಾಲು ಊದಿ ಪೆಡಲು ತುಳಿಯಲಾಗುತ್ತಿರಲಿಲ್ಲ. ಮಾಸ್ಟರ್ ಅಂಗಡಿ ಬಾಗಿಲು ಅರ್ಧ ಎಳೆದು, ಒಳಗೆ ಬಂದು, ಮಿಶನ್ನಿನ ಕೆಳಗೆ ಮಂಡಿಯೂರಿ ಕೂತು ಕೈಯಿಂದಲೇ ಪೆಡಲು ಒತ್ತುತ್ತಿದ್ದರು. ಅವಳು ಮೇಲೆ ಬಟ್ಟೆ ಹಿಡಿದು ನಡೆಸುತ್ತಿದ್ದಳು. 'ನಿಧಾನ', 'ಬೇಗ', 'ನಿಲ್ಲಿಸಿ' ಎಂದು ಅವಳು ಹೇಳುವುದು, ಕೆಳಗಿನಿಂದ ಅವರು ಅಪ್ಪಣೆ ತಾಯಿ ಎನ್ನುವುದು. ಅದನ್ನು ನೆನೆದರೆ ಇವತ್ತಿಗೂ ಅವಳ ಕೋಪ ಅರ್ಧಕ್ಕೆ ಇಳಿದುಬಿಡುತ್ತದೆ. ಅವಳ ಕಷ್ಟವೇ ಅದು. ಕೋಪವನ್ನು ಪೂರ್ತಿ ಬೇಯಿಸಿಕೊಳ್ಳಲು ಅವಳಿಗೆ ಬಾರದು.

ಕೆಲವು ವರ್ಷಗಳ ಹಿಂದೆ ಮಾಸ್ಟರ ಕಣ್ಣಿಗೆ ಪೊರೆ ಕವಿಯತೊಡಗಿತು. ಆ ಪದವನ್ನು ಅವರು ಬಾಯಿಗೆ ತರಲೊಲ್ಲರು. ಬಲ್ಬಿನ ಬೆಳಕು ಸಾಲದು ಎನ್ನುವರು, ಈಗಿನ ಸೀಮೆಸುಣ್ಣದ ಗೆರೆ ನಿಲ್ಲುವುದಿಲ್ಲ ಎನ್ನುವರು, ಬಟ್ಟೆಯೇ ಮೊದಲಿನಂತಿಲ್ಲ ಎನ್ನುವರು. ವೈದ್ಯರ ಮಾತೆತ್ತಿದರೆ ಎದ್ದು ಬೀದಿಗೆ ಹೋಗುವರು. ಮೊದಮೊದಲು ಗೆರೆ ಎರಡು ನೂಲಿನಷ್ಟು ಆಚೀಚೆಯಾದದ್ದನ್ನು ಅವಳು ಹೊಲಿಗೆಯಲ್ಲೇ ಹೊಟ್ಟೆಗೆ ಹಾಕಿಕೊಂಡಳು. ಇಲ್ಲಿ ಒಂದಿಷ್ಟು ಎಳೆದು, ಅಲ್ಲಿ ಒಂದಿಷ್ಟು ಸಡಿಲಿಸಿ. ಆಮೇಲಾಮೇಲೆ ಅದಕ್ಕೂ ಮೀರಿತು. ಒಂದು ದಿನ ಒಬ್ಬ ಗಿರಾಕಿಯ ಕೋಟಿನ ಬೆನ್ನು ಕಿಂಡಿಯಿಂದ ಬಂದಾಗ ಅದು ಯಾವ ಹೊಲಿಗೆಗೂ ದಕ್ಕುವಂತಿರಲಿಲ್ಲ. ಮಾಸ್ಟರ್ ಊಟ ಮಾಡಿ ಮಹಡಿಯ ಮೇಲೆ ಮಲಗಿದ ಹೊತ್ತು. ಅವಳು ಎದುರಿನ ಬಟ್ಟೆ ಅಂಗಡಿಗೆ ಹೋಗಿ, ಮಾಸ್ಟರ್ ಇನ್ನೊಂದು ತುಂಡು ತರಲು ಹೇಳಿದ್ದಾರೆ ಎಂದು ಅದೇ ಬಟ್ಟೆ ತಂದಳು. ಬಾಗಿಲು ಅರ್ಧ ಎಳೆದಳು. ಮೊದಲ ಸಲ ಮೇಜಿನ ಮುಂದೆ ನಿಂತಳು.

ನಿಂತು ಮಾಡುವ ಕೆಲಸ ಅದು. ಅಷ್ಟು ವರ್ಷ ಕೂತ ಬೆನ್ನು ನೆಟ್ಟಗಾದಾಗ ಅವಳಿಗೆ ಒಂಥರಾ ನಾಚಿಕೆಯಾಯಿತು, ಯಾರೋ ನೋಡಿದ ಹಾಗೆ. ಅಲ್ಲಿಂದ ಬೀದಿ ಕಾಣುತ್ತಿತ್ತು. ಸೈಕಲ್ಲು, ನೆರಳು, ಶಾಲೆ ಬಿಟ್ಟು ಬರುವ ಮಕ್ಕಳ ಕಾಲುಗಳು. ಅಷ್ಟು ವರ್ಷ ಅವಳ ಕಣ್ಣಿಗೆ ಪ್ಲೈವುಡ್ಡಿನ ಗೀರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಬಟ್ಟೆ ಹಾಸಿ, ಗೆರೆ ಎಳೆದು, ಕತ್ತರಿ ಹಾಕಿದಳು. ಹೊಲಿದು ಹೊಲಿದು ಬಟ್ಟೆ ಎಲ್ಲಿ ಎಳೆಯುತ್ತದೆ, ಎಲ್ಲಿ ಸುಕ್ಕಾಗುತ್ತದೆ ಎಂದು ಕೈಗೇ ಗೊತ್ತಿತ್ತು.

ಅಲ್ಲಿಂದ ಮಧ್ಯಾಹ್ನಗಳು ಅವಳವಾದವು. ಮಾಸ್ಟರ್ ಬೆಳಿಗ್ಗೆ ಕೆಡಿಸಿದ್ದನ್ನು ಮಧ್ಯಾಹ್ನ ಸರಿಮಾಡುವುದು, ಅವರು ಕೆಮ್ಮುತ್ತ ಮೆಟ್ಟಿಲಿಳಿಯುವ ಹೊತ್ತಿಗೆ ತಿರುಗಿ ಮಿಶನ್ನಿನ ಮುಂದೆ ಕೂರುವುದು. ಮಲಗಿದ ಮಗುವಿನ ಕೈಯಿಂದ ಒಡೆಯುವ ಸಾಮಾನು ತೆಗೆದಿಡುವಂಥ ಕೆಲಸ ಎಂದು ಅವಳು ಅದನ್ನು ಅಂದುಕೊಂಡಿದ್ದಳು. ಆದರೆ ಸುಖ ಎನ್ನುವುದು ಒಂದು ಸಲ ರುಚಿ ಹತ್ತಿದ ಮೇಲೆ ಕದ್ದು ತಿಂದರೆ ಸಾಲುವುದಿಲ್ಲ. ಐವತ್ತರ ಹತ್ತಿರ ಬಂದವಳಿಗೆ ಆ ಮೇಜು ಹಗಲು ಬೆಳಕಿನಲ್ಲಿ, ಎಲ್ಲರ ಎದುರು ಬೇಕು ಅನ್ನಿಸತೊಡಗಿತು.

ಇದನ್ನು ಮೊದಲು ಹೇಳಿದ್ದು ಕಾಜಾದವಳಿಗೆ. ಅವಳು ಬೀದಿಯ ಟೇಲರ್ ಅಂಗಡಿಗಳಿಗೆಲ್ಲ ಕಾಜಾ ಹಾಕಿಕೊಡುವವಳು, ಗುಂಡಿ ತೂರುವ ಕಣ್ಣುಗಳನ್ನು ಕೈಯಲ್ಲೇ ಹೆಣೆಯುವವಳು. ಮಕ್ಕಳ ಮದುವೆ ಮುಗಿಸಿ ಗಂಡನನ್ನು ಬಿಟ್ಟು ಬಂದು ಒಂಟಿ ಕೋಣೆಯಲ್ಲಿ ಇದ್ದಳು. ನಗಿಸದೆ ಮಾತಾಡಲು ಅವಳಿಗೆ ಗೊತ್ತಿಲ್ಲ.

"ಗಂಡನ್ನ ಬಿಡೋದು ಏನೂ ಕಷ್ಟ ಇಲ್ಲ ಅಕ್ಕ. ಆ ಮನೆಯ ಮಂಚ ಬಿಡೋದೇ ಕಷ್ಟ ಆಯ್ತು ನನಗೆ. ಎಂಥ ಮಂಚ ಅಂತೀರಿ."

"ನಾನು ಯಾರನ್ನೂ ಬಿಡಲ್ಲ. ಬಿಟ್ಟರೆ ಅಂಗಡಿ ಬಿಟ್ಟೇನು, ಮನೆ ಬಿಡಲ್ಲ."

"ನಿಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತಿದ ಕೂಡಲೇ ಮಾಸ್ಟರ್ ಬರೀ ಗಂಡ ಆಗಿಬಿಡ್ತಾರಾ?"

ಅವಳೇ ದಾರಿಯನ್ನೂ ತೋರಿಸಿದಳು. ಊರಿನ ಆಸ್ಪತ್ರೆಯ ಹಿಂದೆ ಸಮವಸ್ತ್ರ ಹೊಲಿಯುವ ಕಾರ್ಖಾನೆ. ಅಲ್ಲಿ ಕತ್ತರಿಸುವವನು ಕೆಲಸ ಬಿಟ್ಟು ಹೋಗಿದ್ದ. ನೂಲು ತರುವ ನೆವ ಮಾಡಿಕೊಂಡು ಇವಳು ಒಂದು ದಿನ ಹೋಗಿ ಒಂದು ಬಿಳಿ ಕೋಟು ಕತ್ತರಿಸಿ ತೋರಿಸಿದಳು. ಮೇಲ್ವಿಚಾರಕಿ ತುಂಡುಗಳನ್ನು ತಿರುಗಿಸಿ ನೋಡಿ, ನಾಳೆಯಿಂದ ಬರ್ತೀರಾ ಎಂದಳು. ಯೋಚಿಸಲು ಸಮಯ ಕೇಳಿ ಬಂದಳು. ಆ ಸಮಯ ಇವತ್ತು ಸಂಜೆಗೆ ಮುಗಿಯುತ್ತಿತ್ತು. ಆ ಉದ್ದನೆಯ ಹಜಾರ, ಸಾಲಾಗಿ ಕೂತ ಚಿಕ್ಕ ವಯಸ್ಸಿನ ಹುಡುಗಿಯರು, ಮಿಶನ್ನುಗಳ ಗದ್ದಲ, ಯಾವುದೂ ಅವಳಿಗೆ ಹಿಡಿಸಿರಲಿಲ್ಲ. ದಿನವಿಡೀ ಒಂದೇ ಅಳತೆಯ ಕೋಟು, ಹಾಕಿಕೊಳ್ಳುವವರ ಮುಖ ಕಾಣದ ಕೆಲಸ. ಅವಳಿಗೆ ಬೇಕಾಗಿದ್ದದ್ದು ತನ್ನದೇ ಅಂಗಡಿಯ ಆ ಮೇಜು.

ಹೋದ ವಾರ ಊಟಕ್ಕೆ ಕೂತಾಗ ಗಂಡನನ್ನು ಕೇಳಿಯೇಬಿಟ್ಟಿದ್ದಳು. ನೀವು ಮುಂದೆ ಕೂತು ಅಳತೆ ತೆಗೆಯಿರಿ, ಗಿರಾಕಿಗಳ ಜೊತೆ ಮಾತಾಡಿ, ನಿಮ್ಮಷ್ಟು ಚೆನ್ನಾಗಿ ಮಾತು ಯಾರಿಗೆ ಬರುತ್ತದೆ, ಮೇಜು ಮಾತ್ರ ನನಗೆ ಬಿಡಿ ಎಂದು. ಮಾಸ್ಟರ್ ಜೋರಾಗಿ ನಕ್ಕರು. ಮಾರನೆಯ ದಿನ ಪಕ್ಕದ ಕ್ಷೌರದಂಗಡಿಯವನಿಗೆ ಅವರು ಹೇಳುತ್ತಿದ್ದುದು ಕಿಂಡಿಯಿಂದ ಅವಳ ಕಿವಿಗೆ ಬಿತ್ತು. ನಮ್ಮನೆಯವಳಿಗೆ ಈ ವಯಸ್ಸಲ್ಲಿ ರೆಕ್ಕೆ ಬಂದಿದೆ, ಇನ್ನು ಸ್ವಲ್ಪ ದಿನಕ್ಕೆ ನನ್ನನ್ನ ಗುಂಡಿ ಹೊಲಿಯೋಕೆ ಕೂರಿಸ್ತಾಳೆ, ನೋಡ್ತಾ ಇರು. ಬೆಂಚಿನ ಮೇಲಿದ್ದವರು ನಕ್ಕರು. ಒಳಗೆ ಅವಳ ತುಟಿಯೂ ತಾನಾಗಿ ಅಗಲವಾಯಿತು. ಅದಕ್ಕಾಗಿ ಆಮೇಲೆ ಬಹಳ ಹೊತ್ತು ತನ್ನ ಮೇಲೆ ತಾನೇ ಮುಖ ಊದಿಸಿಕೊಂಡಿದ್ದಳು.

ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳು ಅಪ್ಪನ ಕಡೆ. ಅಪ್ಪನಿಗೆ ಆ ಮೇಜೊಂದೇ ಇರೋದು, ಈಗ ಯಾಕಮ್ಮ ಇದೆಲ್ಲ ಎಂದಳು. ನನಗೇನಿದೆ ಎಂದು ಇವಳು ಕೇಳಿದಾಗ ಮಗಳು, ನಿಂಗೆ ನಾನಿಲ್ವಾ ಎಂದಳು. ಅಷ್ಟರಲ್ಲಿ ಅಲ್ಲಿ ಯಾರೋ ರೋಗಿ ಕೂಗಿದರು, ಫೋನು ಇಟ್ಟಳು.

ಇವತ್ತು ಮಾಸ್ಟರ್ ಕತ್ತರಿಸುತ್ತಿದ್ದ ಬಟ್ಟೆ ಅಂಚೆ ಕಚೇರಿಯ ಗುಮಾಸ್ತರದು. ಅವರು ಈ ತಿಂಗಳು ನಿವೃತ್ತರಾಗುವವರು. ಬೂದು ಬಣ್ಣದ ಆ ಉಣ್ಣೆ ಬಟ್ಟೆಯನ್ನು ಅವರ ಹೆಂಡತಿ ಎಂದೋ ಆಸೆಪಟ್ಟು ತಂದಿದ್ದರಂತೆ. ಹೊಲಿಸೋಣ, ಆಮೇಲೆ ಹೊಲಿಸೋಣ ಎಂದು ಗುಮಾಸ್ತರು ಮುಂದೂಡುತ್ತ ಬಂದರು. ಹೆಂಡತಿ ಹೋದರು. ಪೆಟ್ಟಿಗೆ ತೆಗೆದಾಗ ನುಸಿಗುಳಿಗೆಗಳ ನಡುವೆ ಬಟ್ಟೆ ಹಾಗೇ ಇತ್ತು. "ಇದ್ದಲ್ಲಿಂದಲೇ ಬೈತಾ ಇರ್ತಾಳೆ, ಹೊಲಿಸಿಬಿಡಿ ಮಾಸ್ಟರ್," ಎಂದು ನಗುನಗುತ್ತಲೇ ಕೊಟ್ಟು ಹೋಗಿದ್ದರು. ಬಟ್ಟೆ ಹಳೆಯ ಕಾಲದ್ದು, ಅಗಲ ಕಡಿಮೆ, ಒಂದು ಕೋಟಿಗೆ ಅಳೆದಿಟ್ಟಂತೆ ಇತ್ತು.

ಊಟದ ಹೊತ್ತಿಗೆ ಕಿಂಡಿಯಿಂದ ಗಂಟು ಒಳಗೆ ಬಂತು. ಮಾಸ್ಟರ್ ಎಂದಿನಂತೆ ಏನೂ ಹೇಳದೆ ಮೆಟ್ಟಿಲು ಹತ್ತಿದರು. ಅವಳು ಗಂಟು ಬಿಚ್ಚಿ ತುಂಡುಗಳನ್ನು ಜೋಡಿಸುತ್ತ ಹೋದಳು. ಬೆನ್ನು ಸರಿಯಿತ್ತು. ಎದೆಯ ಭಾಗ ಸರಿಯಿತ್ತು. ತೋಳಿಗೆ ಬಂದಾಗ ಎರಡನ್ನೂ ಒಂದರ ಮೇಲೊಂದು ಇಟ್ಟು ಮತ್ತೆ ಮತ್ತೆ ತಿರುಗಿಸಿ ನೋಡಿದಳು.

ಬಟ್ಟೆ ಮಡಿಸಿ ಹಾಸಿ ಕತ್ತರಿಸಿದರೆ ಎಡ ಬಲ ಎರಡೂ ತೋಳು ಒಟ್ಟಿಗೆ ಸಿಗುತ್ತವೆ. ಬಟ್ಟೆ ಸಾಲದಿದ್ದಾಗ ಬಿಡಿಸಿ ಹಾಸಿ ಒಂದೊಂದನ್ನೇ ಕತ್ತರಿಸಬೇಕು. ಒಂದು ಕತ್ತರಿಸಿದ ಮೇಲೆ ಕಾಗದದ ನಮೂನೆಯನ್ನು ಮಗುಚಿ ಹಾಕಬೇಕು. ಮಾಸ್ಟರ್ ಮಗುಚಲು ಮರೆತಿದ್ದರು. ಎರಡೂ ಎಡದ ತೋಳು. ಒಂದನ್ನು ಒಳಮೈ ಹೊರಗೆ ಮಾಡಿ ಹೊಲಿಯಬಹುದು, ಆದರೆ ಬಿಸಿಲಿಗೆ ಬಂದರೆ ಒಂದು ತೋಳು ಹೊಳೆದು ಇನ್ನೊಂದು ಮಂಕಾಗುತ್ತದೆ. ಇನ್ನೊಂದು ತುಂಡು ತರೋಣವೆಂದರೆ ಇಂಥ ಬಟ್ಟೆ ಈಗ ಯಾವ ಅಂಗಡಿಯಲ್ಲೂ ಇಲ್ಲ. ತಂದುಕೊಟ್ಟವರೂ ಇಲ್ಲ.

ಎಷ್ಟೋ ಮಧ್ಯಾಹ್ನಗಳ ಬಳಿಕ ಮೊದಲ ಬಾರಿಗೆ ಅವಳಿಂದ ಮುಚ್ಚಿಡಲಾಗದ ತಪ್ಪೊಂದು ಕೈಯಲ್ಲಿತ್ತು. ಭಯವಾಯಿತು. ಭಯದ ಅಡಿಯಲ್ಲಿ ಸಣ್ಣದೊಂದು ಬಿಡುಗಡೆಯೂ ಇತ್ತು, ಅದನ್ನು ಅವಳು ನೋಡಲು ಹೋಗಲಿಲ್ಲ. ಎದ್ದು ಹೋಗಿ ತೋಳುಗಳೆರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹಾಸಿ, ಬೆಂಚಿನ ತುದಿಯಲ್ಲಿ ಕೂತು ಕಾದಳು.

ಕೆಮ್ಮಿನ ಸದ್ದಾಯಿತು. ಮಾಸ್ಟರ್ ಇಳಿದು ಬಂದರು. ಅವಳು ಮುಂದಿನ ಪಾಲಿನಲ್ಲಿ ಕೂತಿರುವುದನ್ನು ಕಂಡು ಮೆಟ್ಟಿಲ ಬುಡದಲ್ಲೇ ನಿಂತರು.

"ಹೊಲಿಗೆ ಶುರು ಮಾಡಿಲ್ವಾ?"

"ತೋಳು ಎರಡೂ ಎಡದವು."

ಅವರು ಬೆಚ್ಚಲಿಲ್ಲ. ಮೇಜಿನ ಹತ್ತಿರ ಬಂದು ಬಟ್ಟೆಯ ಮೇಲೆ ಅಂಗೈ ಆಡಿಸಿದರು. "ಎದುರಿನ ಅಂಗಡಿಯಲ್ಲಿ ಇಂಥದ್ದು ಇರಲಿಲ್ವಾ?" ಎಂದರು.

ಮಾತು ಜಾರಿಬಿದ್ದ ಮೇಲೆ ಅವರಿಗೇ ತಿಳಿಯಿತು. ಟೇಪನ್ನು ಕೊರಳಿನಿಂದ ತೆಗೆದು ಸುತ್ತತೊಡಗಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ರೀ," ಎಂದಳು ಅವಳು. ಅಷ್ಟೇ.

ಮಾಸ್ಟರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. "ಗೊತ್ತಿತ್ತು. ನನ್ನ ತೋಳು ಯಾವುದು, ನಿನ್ನ ತೋಳು ಯಾವುದು ಅಂತ ಗೊತ್ತಾಗಲ್ವಾ ನನಗೆ? ನೀನು ತೋಳಿನ ತಲೆ ಸ್ವಲ್ಪ ಎತ್ತರ ಇಡ್ತೀಯ. ಕೈ ಇಳಿಬಿಟ್ಟು ನಿಂತರೆ ಒಂದು ಸುಕ್ಕು ಬರಲ್ಲ. ಗಿರಾಕಿಗಳೂ ಹೇಳಿದ್ದಾರೆ. ಮಾಸ್ಟರ್, ಮೊದಲಿಗಿಂತ ಈಗ ಚೆನ್ನಾಗಿ ಕೂರುತ್ತೆ ಅಂತ."

"ನೀವೇನಂದ್ರಿ?"

"ಏನನ್ನಲಿ. ಬಟ್ಟೆ ಚೆನ್ನಾಗಿದೆ ಅಂದೆ."

ಬೀದಿಯಲ್ಲಿ ಯಾರೋ ಬಕೆಟ್ ನೀರು ಚೆಲ್ಲಿದರು. ಅವಳಿಗೆ ಆ ಕೆಮ್ಮು ನೆನಪಾಯಿತು. ದಿನಾ ಮೆಟ್ಟಿಲ ಮೇಲಿನಿಂದಲೇ ಶುರುವಾಗಿ, ಒಂದೊಂದೇ ಮೆಟ್ಟಿಲಿಗೆ ನಿಧಾನವಾಗಿ ಇಳಿದು ಬರುತ್ತಿದ್ದ ಕೆಮ್ಮು. ಅವಳು ಕತ್ತರಿ ಇಟ್ಟು, ಚಿಂದಿ ಬಾಚಿ, ಒಳಗೆ ಹೋಗಿ ಕೂರಲು ಸಮಯ ಕೊಡುತ್ತಿದ್ದ ಕೆಮ್ಮು ಅದು. ತಾನು ಕೆಳಗೆ ಉಸಿರು ಬಿಗಿಹಿಡಿದು ಕತ್ತರಿ ನಡೆಸುತ್ತಿದ್ದರೆ, ಈತ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿ ಆ ಸದ್ದನ್ನು ಕೇಳುತ್ತಿದ್ದ. ಅದು ಕರುಣೆಯೋ ಹೇಡಿತನವೋ ಅವಳಿಗೆ ಬಗೆಹರಿಯಲಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ. ಬಯ್ಯಬೇಕು ಅನ್ನಿಸಿತು, ಬಯ್ಯಲು ಹೊರಟರೆ ಅಳು ಮುಂದೆ ಬಂದು ನಿಲ್ಲುತ್ತಿತ್ತು.

ಕೊನೆಗೆ ಒಂದೇ ಒಂದು ಮಾತು ಕೇಳಿದಳು. ಗುಮಾಸ್ತರು ಸಂಜೆ ಕಚ್ಚಾ ಹೊಲಿಗೆಯ ಕೋಟು ಹಾಕಿ ನೋಡಲು ಬರುತ್ತಾರೆ, ನೀವೇ ಹೇಳಿ. ಕತ್ತರಿಸುವಾಗ ತಪ್ಪಾಯಿತು ಅನ್ನಿ. ಇನ್ನು ಮುಂದೆ ಕತ್ತರಿಸುವವಳು ಇವಳು ಅನ್ನಿ. ಬೇರೇನೂ ಬೇಡ ನನಗೆ. ಮಾಸ್ಟರ್ ತಮ್ಮ ಅಂಗೈಗಳನ್ನು ನೋಡಿಕೊಂಡರು. ತಲೆ ಆಡಿಸಿದರು. ಹೂಂ ಎಂದು ಬಾಯಿಬಿಟ್ಟೂ ಅಂದರು.

ಅವಳು ನಂಬಿದಳು. ಕಾರ್ಖಾನೆಗೆ ಹೋಗಿ, ಕೆಲಸಕ್ಕೆ ಬರುವುದಿಲ್ಲ ಎಂದು ಹೇಗೆ ಹೇಳುವುದು, ಕಾಜಾದವಳು ಏನೆಂದು ಮೂಗು ಮುರಿಯುತ್ತಾಳೆ ಎಂದೆಲ್ಲ ಮನಸ್ಸಿನಲ್ಲೇ ಆಡಿಕೊಂಡಳು. ಕೋಟನ್ನು ಉಳಿಸುವ ದಾರಿಯೂ ಹೊಳೆಯಿತು. ಎದೆಯ ಒಳಬದಿಗೆ ಮಡಿಸುವ ಪಟ್ಟಿಗೆ ಬೇರೆ ಬಟ್ಟೆ ಹಾಕಿದರೆ ಅಲ್ಲಿನ ತುಂಡುಗಳು ಬಲದ ತೋಳಿಗೆ ಸಿಗುತ್ತವೆ. ಕಂಕುಳ ಕೆಳಗೆ ತುಂಡು ಸೇರಿಸಿದ ಒಂದು ಜೋಡು ಬರುತ್ತದೆ ಅಷ್ಟೆ. ಒದ್ದೆ ಬಟ್ಟೆ ತಂದು ಮೇಜಿನ ಮೇಲೂ ಕೆಳಗೂ ಇದ್ದ ಸೀಮೆಸುಣ್ಣದ ಪುಡಿಯನ್ನೆಲ್ಲ ಒರೆಸಿದಳು. ಮಾಸ್ಟರ್ ಕಾಲೆತ್ತಿ ಒರೆಸಲು ಜಾಗ ಬಿಟ್ಟರು.

ಗುಮಾಸ್ತರು ಹೇಳಿದ ಹೊತ್ತಿಗೇ ಬಂದರು. ಕೂದಲು ಬಾಚಿ, ಕೋಟಿನೊಳಗೆ ಹಾಕುವ ಬಿಳಿ ಅಂಗಿಯನ್ನೇ ಹಾಕಿಕೊಂಡು ಬಂದಿದ್ದರು. ಮಾಸ್ಟರ್ ಎದ್ದರು. ಎದ್ದವರ ಬೆನ್ನು ತಾನಾಗಿ ನೆಟ್ಟಗಾಯಿತು, ದನಿಗೆ ಗಿರಾಕಿಗಳನ್ನು ಬರಮಾಡಿಕೊಳ್ಳುವ ಬಿಸಿ ಬಂತು.

"ಬನ್ನಿ ಬನ್ನಿ ಸಾರ್. ಒಂದೆರಡು ದಿನ ತಡ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಮ್ಮನೆಯವಳ ಕಣ್ಣು ನೋಡಿ, ಪೊರೆ ಬಂದ ಹಾಗಿದೆ. ಹೇಳಿದರೆ ಕೇಳಲ್ಲ. ಹೊಲಿಯೋವಾಗ ತೋಳು ಎಡವಟ್ಟು ಮಾಡ್ಕೊಂಡಿದ್ದಾಳೆ."

ಅಷ್ಟು ವರ್ಷಗಳಲ್ಲಿ ಪೊರೆ ಎಂಬ ಪದ ಮೊದಲ ಸಲ ಅವರ ಬಾಯಿಂದ ಬಂದಿತ್ತು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಕೇಳುತ್ತಿದ್ದವಳಿಗೆ ಒಂದು ಗಳಿಗೆ ತನ್ನ ಕಣ್ಣೇ ಮಂಜಾದಂತೆ ಅನ್ನಿಸಿತು.

ಗುಮಾಸ್ತರು ಅವಳ ಕಡೆ ತಿರುಗಿದರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು. "ನಮ್ಮವಳಿಗೂ ಕೊನೆಕೊನೆಗೆ ಹೀಗೇ ಆಗಿತ್ತು ತಾಯಿ. ಆಪರೇಷನ್ ಮಾಡಿಸ್ಕೊಂಡುಬಿಡಿ. ಏನೂ ಹೆದರಿಕೆ ಇಲ್ಲ. ಕೋಟಿಗೇನು ಅವಸರ."

ಅವಳು ಗಂಡನನ್ನು ನೋಡಿದಳು. ಅವರು ಕನ್ನಡಿಯ ಕಡೆ ನೋಡುತ್ತಿದ್ದರು. ಅದರಲ್ಲಿ ಅವರಿಗೆ ಏನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಹೊಲಿಗೆ ಇನ್ನೂ ಶುರುವೇ ಆಗಿಲ್ಲ ಸಾರ್," ಎಂದಳು. ದನಿ ಎತ್ತರಿಸಲಿಲ್ಲ. "ಕತ್ತರಿಸಿದ್ದೇ ಹೀಗೆ. ಎರಡೂ ಎಡದ ತೋಳು. ನಿಮ್ಮ ಬಟ್ಟೆ ಹಾಳಾಗಲು ನಾನು ಬಿಡಲ್ಲ. ಕಂಕುಳ ಕೆಳಗೆ ಒಂದು ಜೋಡು ಬರುತ್ತೆ, ಯಾರಿಗೂ ಕಾಣಲ್ಲ. ನಾನೇ ಕತ್ತರಿಸಿ ನಾನೇ ಹೊಲಿದುಕೊಡ್ತೀನಿ. ಆದರೆ ಸಂಜೆ ಹೊತ್ತು ಕೂತು ಮಾಡಬೇಕು. ಹಗಲು ನನಗೆ ಬೇರೆ ಕಡೆ ಕೆಲಸ ಇರುತ್ತೆ."

ಗುಮಾಸ್ತರು ಅವಳನ್ನು ನೋಡಿದರು, ಮೇಜಿನ ಮೇಲಿದ್ದ ತೋಳುಗಳನ್ನು ನೋಡಿದರು, ಕೊನೆಗೆ ಮಾಸ್ಟರನ್ನು ನೋಡಿದರು. ಅಂಗಿಯ ಕೈಮಡಿಕೆಯನ್ನು ಸರಿಮಾಡಿಕೊಂಡರು. ಪಕ್ಕದ ಕ್ಷೌರದಂಗಡಿಯಲ್ಲಿ ರೇಡಿಯೋ ಯಾರೋ ಸಣ್ಣದು ಮಾಡಿದರು.

ಮಾಸ್ಟರ್ ನಕ್ಕರು. ನಗು ಸರಿಯಾಗಿ ಬರಲಿಲ್ಲ, ಆದರೂ ಬಿಡಲಿಲ್ಲ. "ತಮಾಷೆ ಮಾಡ್ತಾಳೆ ಸಾರ್. ಬೇರೆ ಕಡೆ ಕೆಲಸ ಅಂತೆ. ಇವಳು ಈ ಬೀದಿ ದಾಟಿ ಎಲ್ಲಿಗೆ ಹೋಗ್ತಾಳೆ." ಅಲ್ಲಿಗೆ ಮಾತು ಮುಗಿಸಲೂ ಅವರಿಂದ ಆಗಲಿಲ್ಲ. ಕೂಡಲೇ ಗುಂಡಿಯ ವಿಷಯ ಎತ್ತಿದರು. ಬೂದು ಬಣ್ಣಕ್ಕೆ ಕಂದು ಗುಂಡಿ ಒಪ್ಪುವುದಿಲ್ಲ, ಕಪ್ಪು ಬೇಕು, ಅದೂ ಕೊಂಬಿನ ಗುಂಡಿ ಸಿಕ್ಕರೆ ಇನ್ನೂ ಗತ್ತು ಎಂದು ಒಂದೇ ಸಮನೆ ಹೇಳತೊಡಗಿದರು. ಮೇಜಿನ ಅಂಚನ್ನು ಹಿಡಿದಿದ್ದ ಅವರ ಬೆರಳುಗಳು ಬಿಳಿಚಿದ್ದವು. ಅವಳಿಗೆ ಆ ಬೆರಳುಗಳ ಮೇಲೆ ಕೈ ಇಡಬೇಕು ಅನ್ನಿಸಿತು. ಇಟ್ಟರೆ ಮತ್ತೆ ಒಳಗೆ ಹೋಗಿ ಕೂರುವುದೇ ಆಗುತ್ತದೆ.

ಬಾಗಿಲ ಬಳಿ ಚಪ್ಪಲಿ ಹುಡುಕಿ ಕಾಲು ತೂರಿಸಿದಳು. ಕಾರ್ಖಾನೆಯ ಗೇಟು ಹಾಕಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಆ ಉದ್ದನೆಯ ಹಜಾರ ಕಣ್ಣ ಮುಂದೆ ಬಂತು, ಮಂಡಿ ನೋಯುವುದೂ ನೆನಪಾಯಿತು. ಸಂತೋಷ ಎನ್ನುವಂಥದ್ದು ಎದೆಯಲ್ಲಿ ಎಲ್ಲೂ ಇರಲಿಲ್ಲ.

"ಏನೇ, ಕಪ್ಪೇ ಅಲ್ವಾ ಹಾಕೋದು?" ಮಾಸ್ಟರ ದನಿ ಹಿಂದಿನಿಂದ ಬಂತು. "ದೊಡ್ಡ ಗುಂಡಿಯದ್ದು ಒಂದು ಡಬ್ಬಿ ಇತ್ತಲ್ಲ, ಎಲ್ಲಿಟ್ಟಿದ್ದೀಯ? ಸಾರ್‌ಗೆ ತೋರಿಸೋಣ. ಅವತ್ತು ನಾವಿಬ್ಬರೇ ಹೋಗಿ ತಂದಿದ್ದು, ನೆನಪಿಲ್ವಾ ನಿನಗೆ, ಮಗು ಹುಟ್ಟೋಕೆ ಮುಂಚೆ, ಆ ಗಾಜಿನ ಬಾಗಿಲಿನ ಅಂಗಡಿಯಲ್ಲಿ, ನೀನು ಒಂದೊಂದೇ ಗುಂಡಿ ಬೆಳಕಿಗೆ ಹಿಡಿದು..."

ಅವಳು ಬೀದಿಯ ತಿರುವಿನಲ್ಲಿ ಒಂದು ಕೈಗಾಡಿಗೆ ದಾರಿ ಬಿಟ್ಟು, ಆಸ್ಪತ್ರೆಯ ಹಿಂದಿನ ಕಾರ್ಖಾನೆಯ ಕಡೆ ನಡೆದಳು.